ಒಂದರಿಂದ ಐದರೊಳಗೆ

ಎಲ್ದಿಯಾರ್, ನಿನ್ನ ಫಾರಂ ಇನ್ನೂ ತುಂಬಿಲ್ಲ. ಕೂತುಕೋ.
ಚಹಾ ಆರುತ್ತಿದೆ. ಹೊರಗೆ ಮೈನಸ್ ಇಪ್ಪತ್ತೇಳು.
ನಾರಿನ್ ಹೊಳೆ ಮೇಲೆ ಹೆಪ್ಪುಗಟ್ಟಿ
ಅಡಿಯಲ್ಲಿ ಗೊಣಗುತ್ತಿದೆ, ನನ್ನ ಹಾಗೇ.

‘ರೋಗಿಯ ದಾಖಲೆಯನ್ನು ಕಂಪ್ಯೂಟರಿನಲ್ಲಿ ಬರೆಯಲು
ನಿಮಗೆಷ್ಟು ಮನಸ್ಸಿದೆ?
ಒಂದರಿಂದ ಐದರೊಳಗೆ ಗುರುತು ಹಾಕಿ.’
ಬಿಷ್ಕೆಕ್‌ನಿಂದ ಆರು ತಾಸು ಬಸ್ಸಿನಲ್ಲಿ ಕುಲುಕಿ ಬಂದವನೇ,
ಮನಸ್ಸು ಸೊನ್ನೆಗೂ ಇಳಿಯುತ್ತದೆ ಮಾರಾಯ,
ಅದಕ್ಕೆ ಖಾನೆಯೇ ಇಟ್ಟಿಲ್ಲವಲ್ಲ ನೀನು.

ಮೊದಲು ಬೆರಳಿನ ಮಾತು.
ಮೂವತ್ತೊಂದು ವರ್ಷ ಹೊಟ್ಟೆ ಒತ್ತಿ ಒತ್ತಿ
ಊದಿದ ಲಿವರಿನ ಅಂಚು ಹುಡುಕಿದ ಬೆರಳು ಇವು.
ಕೀಲಿಮಣೆಯ ಮೇಲೆ ಮಾತ್ರ
ಕೋಳಿ ಕಾಳು ಹೆಕ್ಕಿದ ಹಾಗೆ ಹೆಕ್ಕುತ್ತವೆ.
ನರ್ಸ್ ಮೀರಿಮ್, ಇಪ್ಪತ್ತಮೂರರವಳು, ನೋಡಿ ನಗುವುದಿಲ್ಲ.
ನಗದೇ ಇರುವುದು ಹೆಚ್ಚು ಚುಚ್ಚುತ್ತದೆ.
ಅದನ್ನೂ ಬರೆದುಕೋ.

ಆಮೇಲೆ ಕಣ್ಣಿನದು.
ಏಪ್ರಿಲ್‌ನಲ್ಲಿ ಕುರುಬ ತಾಲಾಯ್ ಕುದುರೆ ಇಳಿದು ಬಂದ,
ಕೀಲುಕೀಲಲ್ಲೂ ನೋವು, ಸಂಜೆಗೆ ಜ್ವರ, ರಾತ್ರಿ ಬೆವರು.
ಬರಿಗೈಯಲ್ಲಿ ಕುರಿಗೆ ಹೆರಿಗೆ ಮಾಡಿಸಿದೆಯೇನೋ?
ಹೀಗೆ ಕೇಳುವಾಗ ಮುಖ ನೋಡಬೇಕು.
ಪರದೆ ನೋಡುತ್ತಾ ಕೇಳಿದರೆ
‘ಇಲ್ಲ’ ಅಂದು ಟೋಪಿ ಎತ್ತಿಕೊಂಡು ಹೋಗುತ್ತಾನೆ,
ರೋಗವನ್ನೂ ಎತ್ತಿಕೊಂಡು.

ಮತ್ತೆ, ಬರೆದದ್ದು ಯಾರ ಕಣ್ಣಿಗೆ ಬೀಳುತ್ತದೆ?
ಶಾಲೆಯ ಟೀಚರಮ್ಮ ಯಾಕೆ ಬಂದಿದ್ದಳು ಎಂಬುದು
ಆ ಕಬ್ಬಿಣದ ಬೀರುವಿನಲ್ಲಿದೆ.
ಅದರ ಬೀಗದ ಕೈ ನನ್ನ ಕೋಟಿನ ಜೇಬಿನಲ್ಲಿದೆ.
ನಿನ್ನ ಸರ್ವರಿನ ಬೀಗದ ಕೈ ಯಾರ ಜೇಬಿನಲ್ಲಿ?
ನೋಡು, ನಿನಗೂ ಗೊತ್ತಿಲ್ಲ.

ಕರೆಂಟಿನ ಕತೆ ಹೇಳುವುದಿಲ್ಲ, ಈಗ ತಾನೇ ನೀನೇ ಕಂಡೆ.
‘ಇದೊಂದು ವರ್ಷ ಎರಡರಲ್ಲೂ ಬರೆಯಿರಿ’ ಅಂತ ಸುತ್ತೋಲೆ.
ಕೆಲಸ ಎರಡು, ಸಂಬಳ ಒಂದು,
ಬಾಗಿಲಾಚೆ ಬೆಂಚಿನ ಮೇಲೆ ನಲವತ್ತು ಜನ ಕೆಮ್ಮುತ್ತಾರೆ.

ಇಷ್ಟಕ್ಕೇ ಮುಗಿದಿದ್ದರೆ
ಒಂದಕ್ಕೆ ಗುರುತು ಹಾಕಿ ನಿನ್ನನ್ನು ಬಸ್ಸು ಹತ್ತಿಸುತ್ತಿದ್ದೆ.

ಹೋದ ತಿಂಗಳು ನಾನು ಆತ್‌ಬಾಷಿಯಲ್ಲಿದ್ದೆ,
ಅಕ್ಕನ ನಲವತ್ತನೇ ದಿನದ ಊಟಕ್ಕೆ.
ಆ ರಾತ್ರಿ ದೊಲೋನ್ ಕಣಿವೆಯಿಂದ ಟ್ರಕ್ ಡ್ರೈವರ್ ಕುಬಾತನನ್ನು
ಹೊತ್ತು ತಂದರಂತೆ, ಎದೆ ತುಂಬ ಕಫ, ಮೈ ಸುಡುತ್ತಿತ್ತಂತೆ.
ಡ್ಯೂಟಿಯಲ್ಲಿದ್ದ ಹುಡುಗಿ ಸಾಲ್ತನಾತ್ ನನ್ನ ಪುಸ್ತಕ ತೆರೆದಳು:
ಕಾಗೆಕಾಲು, ಗುಬ್ಬಿಕಾಲು.
‘ಪೆನಿಸಿಲಿನ್ ಒಗ್ಗುತ್ತದೆ’ ಅಂತ ಓದಿಕೊಂಡಳು.
ಅದರ ಹಿಂದೆ ಒಂದು ಪುಟ್ಟ ನಕಾರವಿತ್ತು,
ರಷ್ಯನ್ನಿನಲ್ಲಿ ಎರಡೇ ಅಕ್ಷರ,
ಶಾಯಿಯ ಕಲೆಯಲ್ಲಿ ಕೂತುಬಿಟ್ಟಿತ್ತು.

ಬದುಕಿದ. ಗಾಬರಿಯಾಗಬೇಡ, ಬದುಕಿದ.
ತುಟಿ, ಕಣ್ಣು, ಗಂಟಲು ಊದಿ,
ಅಡ್ರಿನಲಿನ್ ಚುಚ್ಚಿದ ಮೇಲೆ ಬೆಳಗಿನ ಜಾವಕ್ಕೆ ಉಸಿರು ಹಾದಿಗೆ ಬಂತು.

ಮರುದಿನ ಆ ಹುಡುಗಿ ಬೈಯಲಿಲ್ಲ, ಅಳಲಿಲ್ಲ.
ಪುಸ್ತಕ ನನ್ನ ಮುಂದಿಟ್ಟು, ‘ಓದಿ’ ಅಂದಳು.
ಕನ್ನಡಕ ಹಾಕಿದೆ. ಕಿಟಕಿಯ ಹತ್ತಿರ ಹೋದೆ.
ಎಲ್ದಿಯಾರ್, ನನ್ನದೇ ಕೈಬರಹ,
ನನಗೇ ಓದಲಾಗಲಿಲ್ಲ.
ಇಷ್ಟು ವರ್ಷ ನಾನು ಓದುತ್ತಲೇ ಇರಲಿಲ್ಲ ಕಣೋ,
ನೆನಪಿನಿಂದ ಹೇಳುತ್ತಿದ್ದೆ.
ನೆನಪು ನನ್ನ ಜೊತೆ ಆತ್‌ಬಾಷಿಗೆ ಹೋಗಿತ್ತು.

ಆದರೂ ಒಂದು ಕೇಳುತ್ತೇನೆ.
ತಾಲಾಯನ ಪುಟದ ಅಂಚಿನಲ್ಲಿ ಬರೆದಿಟ್ಟಿದ್ದೇನೆ:
‘ಹೆಂಡತಿ ತೀರಿದ ಮೇಲೂ ಎರಡು ಬಟ್ಟಲಿಗೆ ಚಹಾ ಸುರಿಯುತ್ತಾನೆ.’
ಇದು ನಿನ್ನ ಯಾವ ಖಾನೆಗೆ ಸೇರುತ್ತದೆ?
‘ಇತರೆ’ ಅನ್ನಬೇಡ.
ಅವನಿಗೆ ನಾನು ಕೊಟ್ಟ ಅರ್ಧ ಔಷಧ ಆ ಸಾಲಿನಲ್ಲಿದೆ.

ಸರಿ, ಬಂತು ನೋಡು ಕರೆಂಟು.
ಆ ಡಬ್ಬಿ ಈಚೆ ತಿರುಗಿಸು.
ಮೀರಿಮ್, ನೀನೂ ಬಾ, ನಗು ಬಂದರೆ ನಗು.
ಕುಬಾತ್ ಎಂಬಲ್ಲಿ ಕೀಲಿ ಯಾವುದು, ನಿಧಾನ ಹೇಳಿ,
ಆ ‘ಒಗ್ಗುವುದಿಲ್ಲ’ ಕೆಂಪಗೆ ಕಾಣುವುದು ಎಲ್ಲಿ ಅಂತ ತೋರಿಸಿ.

ಅಂಕಿ ಆಮೇಲೆ ಹಾಕೋಣ.