ಶಶಿರೇಖಾ, ಹತ್ತನೇ ಬಿ

ಮೊದಲು ಸುಣ್ಣ.
ಒಂದು ಕೋಟು ಬಳಿದೆವು, ವಾಸನೆ ಹೋಗಲಿಲ್ಲ.
ಇನ್ನೊಂದು ಬಳಿದೆವು, ಹೋಗಲಿಲ್ಲ.
ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷ ಚರಕ ತಿರುಗಿದ ಕೋಣೆ,
ಗೂಡು ಬೆಂದ ಹಬೆ ಕುಡಿದ ಗೋಡೆ,
ಮರೆ ಅಂದರೆ ಮರೆತೀತೆ?
ಮಾವ ಬಾಗಿಲಲ್ಲಿ ನಿಂತು ಉಸಿರೆಳೆದು
‘ಇರಲಿ ಬಿಡಮ್ಮ, ಅನ್ನ ಕೊಟ್ಟ ವಾಸನೆ’ ಅಂದರು.
ಮಗಳು ಮೂಗು ಹಿಡಿದುಕೊಂಡೇ ತಲೆಯಾಡಿಸಿದಳು.

ಆಮೇಲೆ ಬಣ್ಣ.
ಇವಳಪ್ಪ ಕೆಲಸಕ್ಕೆ ಹೋದ ಮನೆಗಳಲ್ಲಿ
ಡಬ್ಬದ ತಳಕ್ಕೆ ಉಳಿದದ್ದು: ಯಾರದೋ ಪಡಸಾಲೆಯ ಹಸಿರು,
ಯಾರದೋ ದೇವರ ಮನೆಯ ಹಳದಿ,
ಒಂದು ಬ್ಯಾಂಕಿನ ನೀಲಿ ಅರ್ಧ ಮಗ್ಗು.
ಕೋಲು ಹಾಕಿ ಕಲಕಿದರೆ ಬಂದ ಬಣ್ಣಕ್ಕೆ
ಅಂಗಡಿಯ ಕಾರ್ಡಿನಲ್ಲಿ ಹೆಸರಿಲ್ಲ.
ಹಿಪ್ಪುನೇರಳೆ ಕುಡಿಯೆಲೆ ಅಂದೆ ನಾನು.
ಗಿಣಿಗೆ ಜ್ವರ ಬಂದ ಹಾಗಿದೆ ಅಂದಳು ಇವಳು.
ಅದೇ ಉಳಿಯಿತು, ಜ್ವರದ ಗಿಣಿ ಬಣ್ಣ.
ಮೂರೂವರೆ ಗೋಡೆಗೆ ಮುಗಿದುಹೋಯಿತು.

ಉಳಿದ ಅರ್ಧ ಮುಚ್ಚಬೇಕಲ್ಲ, ಅದಕ್ಕೇ ಚಂದ್ರಿಕೆ.
ಪ್ಲಾಸ್ಟಿಕ್ಕಿನವು ಬಂದ ಮೇಲೆ ಚಿಕ್ಕಮ್ಮನ ಹಿತ್ತಿಲಲ್ಲಿ
ಕೋಳಿಗಳಿಗೆ ಮರೆಯಾಗಿ ನಿಂತಿತ್ತು.
ತೊಳೆದು, ಬಿಸಿಲಿಗಿಟ್ಟು, ಬಿಟ್ಟುಕೊಂಡ ಕಡೆ ಹೊಲಿದು
ಮೊಳೆಗೆ ನೇತುಹಾಕಿದೆ.
ಹಣ್ಣಾದ ಹುಳು ಬಿಟ್ಟರೆ ರಾತ್ರಿಯೆಲ್ಲ
ಗೂಡು ಕಟ್ಟಿಸಿಕೊಳ್ಳುತ್ತಿದ್ದ ಬಿದಿರು;
ಈಗ ಅದೇ ಸುರುಳಿಗಳಲ್ಲಿ ಇವಳ ಚಿತ್ರಗಳು,
ಬಳಪದ ತುಂಡು, ಒಂದು ಗಿರಿಗಿಟ್ಲೆ,
ಪೊಟ್ಟಣದಲ್ಲಿ ಮೊನ್ನೆ ಬಿದ್ದ ಹಲ್ಲು.
ನೂಲಿಗಾಗದ ತೂತುಗೂಡುಗಳನ್ನು ಹೂವಾಗಿ ಕತ್ತರಿಸಿ
ಬೀಟ್‌ರೂಟಿನ ನೀರಲ್ಲಿ ಅದ್ದಿದೆ. ಕೆಂಪಾಗುತ್ತವೆ ಅಂದಿದ್ದೆ.
ಒಣಗಿ ನಶ್ಯದ ಬಣ್ಣಕ್ಕೆ ತಿರುಗಿದವು.
ಆದರೂ ದಾರಕ್ಕೆ ಪೋಣಿಸಿ ಕಿಟಕಿಗೆ ಕಟ್ಟಿದೆವು,
ನನ್ನ ಸೀಮಂತದ ಸೀರೆ ಹರಿದು ಮಾಡಿದ ಪರದೆಯ ಮೇಲೆ.

ಮಂಚ ಕೊನೆಗೆ ಬಂತು.
ಯಾವುದೋ ಹಾಸ್ಟೆಲಿನ ಹರಾಜಲ್ಲಿ ಹಿಡಿದದ್ದು
ಗುಜರಿ ಇನಾಯತ್ತಣ್ಣ. ಎಂಟುನೂರಕ್ಕೆ ಕೊಟ್ಟು
ತಳ್ಳುಗಾಡಿ ಬಾಡಿಗೆ ಬೇಡ ಅಂದ,
‘ಮಗು ಮಲಗೋಕೆ ತಾನೆ.’
ಉಪ್ಪುಕಾಗದದಲ್ಲಿ ತುಕ್ಕು ತಿಕ್ಕುತ್ತಿದ್ದೆ.
ತಲೆದೆಸೆಯ ಪಟ್ಟಿಯಲ್ಲಿ, ಮೂರು ಪದರ ಬಣ್ಣದಡಿ,
ಕೈವಾರದ ಮೊನೆಯಲ್ಲಿ ಗೀರಿದ ಅಕ್ಷರ:
ಶಶಿರೇಖಾ, ಹತ್ತನೇ ಬಿ.
ಕೆಳಗೆ, ಇನ್ನೂ ಸಣ್ಣಗೆ: ನಿದ್ದೆ ಬರಲ್ಲ.

ಇವಳು ಬೆರಳಿಟ್ಟು ಕೂಡಿಸಿ ಓದಿದಳು.
‘ಅಮ್ಮ, ಮಂಚ ಇಲ್ಲಿಗೆ ಬಂದಿದ್ದು ಅವಳಿಗೆ ಗೊತ್ತಾ?’
ಸ್ವಲ್ಪ ಹೊತ್ತು ಬಿಟ್ಟು, ‘ಈಗ ಬರ್ತದಾ ನಿದ್ದೆ?’
ನನ್ನ ಕೈಯಲ್ಲಿ ಉತ್ತರವಿರಲಿಲ್ಲ, ಬ್ರಶ್ಶಿತ್ತು.
ಅಷ್ಟು ಜಾಗ ಬಿಟ್ಟು ಸುತ್ತ ಬಳಿದೆ.

ಮೊದಲ ರಾತ್ರಿ
ಕೋಣೆ ಸಿಂಗರಿಸಿಕೊಂಡು ಕೂತಿತ್ತು.
ಹಾಲಿನ ಕ್ಯಾನಿನ ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಹೊಡೆದ ದೀಪ,
ಸೂರಿನ ತುಂಬ ಚುಕ್ಕಿ.
ಇವಳು ದಿಂಬು ಅವುಚಿಕೊಂಡು ಬಂದು
ನಮ್ಮಿಬ್ಬರ ನಡುವೆ ತೂರಿದಳು. ‘ನಾಳೆಯಿಂದ,’ ಅಂದಳು.

ದೀಪ ಆರಿಸಲು ಎದ್ದು ಹೋದೆ.
ನನ್ನ ತವರಲ್ಲಿ ಹುಳುವಿಗೊಂದು ಕೋಣೆಯಿತ್ತು,
ಅದಕ್ಕೆ ಬಾಗಿಲಿತ್ತು, ಸೆಕೆಯಾದರೆ ಒದ್ದೆ ಗೋಣಿಯಿತ್ತು.
ಕಾಲು ತೊಳೆದು, ದನಿ ತಗ್ಗಿಸಿ ಒಳಗೆ ಹೋಗುತ್ತಿದ್ದೆವು.
ನಾವು ಏಳು ಜನ
ಹುಳು ಬಿಟ್ಟ ಜಾಗದಲ್ಲಿ ಮಲಗಿದೆವು.
ಒಂದೇ ನಿಮಿಷ ಅಂತ ಮಂಚದಲ್ಲಿ ಕಾಲು ಚಾಚಿದೆ.
ವಾಸನೆಯಿತ್ತು. ಚುಕ್ಕಿಯಿತ್ತು.
ತಲೆಯ ಹತ್ತಿರ ಕೈಯಾಡಿಸಿದರೆ ಅಕ್ಷರ ತಗುಲಿತು.

ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು.
ಹೊಸ್ತಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾಳೆ:
‘ಇದು ಯಾರ ಕೋಣೆ?’
ಶಶಿರೇಖಾನ ಕೇಳು ಅಂದೆ,
ಮುಸುಕೆಳೆದುಕೊಂಡು, ಗೋಡೆಯ ಕಡೆ ಹೊರಳಿ.