ನಲವತ್ತೆರಡು ಅಡಿಯ ಹೆಸರು

ಯಾರ್ಮತ್ ಕೋರ್ಟಿನಲ್ಲಿ ಕೊಟ್ಟ ಫಾರಂ ಹದಿನಾಲ್ಕು ಪುಟ.
ಪೆನ್ನಿಗೆ ದಾರ ಕಟ್ಟಿದ್ದಾರೆ,
ಇಲ್ಲಿಗೆ ಬರುವವರು ಪೆನ್ನನ್ನೂ ಬಿಡುವುದಿಲ್ಲವೇನೋ.
ಉದ್ಯೋಗ ಎಂಬಲ್ಲಿ ಕೈ ನಿಂತಿತು.
'ಇಲ್ಲ ಅಂತ ಬರೆಯಿರಿ' ಎಂದಳು ವಕೀಲೆ ಮಿಸ್ ಟಫ್ಟ್ಸ್,
ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು,
'ಇಲ್ಲ ಅಂದಷ್ಟೂ ನಮಗೆ ಒಳ್ಳೆಯದು.'

ಬರೆದೆ. ಇಲ್ಲ.

ಇಪ್ಪತ್ತಾರು ನವೆಂಬರು,
ಕೊನೆಯ ಸೋಮವಾರದ ಹಿಂದಿನ ರಾತ್ರಿ
ರೆಪ್ಪೆ ಮುಚ್ಚದವಳು ನಾನು.
ಮುನ್ನೂರ ಎಪ್ಪತ್ತೈದು ಲಾಬ್‌ಸ್ಟರ್ ಪೆಟ್ಟಿಗೆ,
ಒಂದೊಂದರ ಬಾಯಿಗೂ ಹೆಣೆದ ಬಲೆ ಈ ಬೆರಳುಗಳದು.
ಉಪ್ಪು ಹಾಕಿದ ಮೀನಿನ ವಾಸನೆ
ಭಾನುವಾರ ಇಗರ್ಜಿಗೆ ನನಗಿಂತ ಮೊದಲೇ ಹೋಗಿ ಕೂರುತ್ತಿತ್ತು.
ಅಡುಗೆಮನೆಯ ಕಿಟಕಿಯಲ್ಲಿ ದೋಣಿಯವರ ರೇಡಿಯೋ
ದಿನವಿಡೀ ಗೊರಗೊರ.
ನಡುವೆ ಅವನ ಕೆಮ್ಮು ಕೇಳಿಸಿದರೆ ಆಲೂಗಡ್ಡೆ ಹೆಚ್ಚುವುದು,
ಕೇಳಿಸದಿದ್ದರೆ ಚಾಕು ಕೆಳಗಿಟ್ಟು ಕಾಯುವುದು.
ಇದಕ್ಕೆ ಕಾಲಂ ಇಲ್ಲ.
ಇದ್ದರೂ, ಗಂಟೆಗೆ ಎಷ್ಟೆಂದು ಹಾಕಲಿ?

ಆಲ್ಫೆ ಕೆಟ್ಟವನೆಂದು ಹೇಳಲಾರೆ.
ಕೈಯೆತ್ತಿದವನಲ್ಲ. ಕುಡಿದು ಬಂದರೂ ಬೂಟು ಹೊರಗೇ ಬಿಡುತ್ತಿದ್ದ.
ಒಂದು ಜೂನ್ ತಿಂಗಳು, ಸೀಸನ್ ಮುಗಿದ ಮೇಲೆ,
ಬೇರೆ ಬಾಗಿಲ ಮುಂದೆ ಬಿಡತೊಡಗಿದ, ಅಷ್ಟೆ.

ನಾದಿನಿ ಓರೋರ್ ಇಗರ್ಜಿಯ ಮೆಟ್ಟಿಲ ಮೇಲೆ ಕೇಳಿದಳು,
ಪಿಸುದನಿಯಲ್ಲಿ, ಎಲ್ಲರಿಗೂ ಕೇಳಿಸುವಷ್ಟು:
'ಬಿಟ್ಟವನ ಹಂಗಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತೇನೇ ಝೆಲಿ?'
ನಾನೇನೂ ಅನ್ನಲಿಲ್ಲ.
ಮನೆಗೆ ಬಂದು ಬೆಣ್ಣೆ ಹಚ್ಚಿ ಮೂರು ಹೋಳು ತಿಂದೆ,
ನೋಡೇಬಿಡೋಣ ಅಂತ.
ಇಳಿಯಿತು.

ಜೀವನಾಂಶ.
ಈ ಪದವನ್ನು ಬಿಡಿಸುತ್ತಾ ಕೂತರೆ ರಾತ್ರಿ ಸಾಲದು.
ಅಂಶವೇನೋ ಲೆಕ್ಕಕ್ಕೆ ಸಿಕ್ಕೀತು,
ಜೀವನವನ್ನು ಯಾವ ತಕ್ಕಡಿಗೆ ಹಾಕುತ್ತಾರೆ?
ಜೆಟ್ಟಿಯ ಮೇಲಿನದಕ್ಕೋ?
ಒದ್ದೆಯಿರುವಾಗಲೇ ತೂಗುತ್ತಾರೋ, ನೀರು ಸೋರಿದ ಮೇಲೋ?

ವಿಚಾರಣೆಯ ದಿನ ಅವನ ಆಸ್ತಿಯ ಪಟ್ಟಿ ಓದಿದರು.
ಟ್ರಕ್ಕು. ಮೀನುಗಾರಿಕೆಯ ಲೈಸೆನ್ಸು. ಆಮೇಲೆ,
'ಝೆಲಿ ಬಿ., ಫೈಬರ್‌ಗ್ಲಾಸ್, ಉದ್ದ ನಲವತ್ತೆರಡು ಅಡಿ,
ಎಂಜಿನ್ ಎರಡು ವರ್ಷದ ಹಿಂದೆ ಬದಲಿಸಿದ್ದು,
ಸುಸ್ಥಿತಿಯಲ್ಲಿದೆ.'
ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.
ಜಡ್ಜಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು,
ಉದ್ದ ಅಳೆಯುವವರ ಹಾಗೆ.
ಬಿ ಅಂದರೆ ಬೆಲಿವೋ, ನನ್ನ ಅಪ್ಪನ ಮನೆತನ;
ಮದುವೆಗೆ ಮುಂಚೆಯೇ ಬರೆಸಿದ್ದ, ನೀಲಿ ಬಣ್ಣದಲ್ಲಿ.
ದೋಣಿಯ ಹೆಸರು ಅಳಿಸಿದರೆ ಸಮುದ್ರ ಮುನಿಯುತ್ತದೆ,
ನಮ್ಮ ಕೊಲ್ಲಿಯಲ್ಲಿ ಮಕ್ಕಳಿಗೂ ಗೊತ್ತು.
ಹೆಂಡತಿಯ ವಿಷಯದಲ್ಲಿ ಅಂಥ ನಂಬಿಕೆಯೇನಿಲ್ಲ.

ತಿಂಗಳಿಗೆ ಸಾವಿರದ ನೂರ ನಲವತ್ತು ಡಾಲರು, ಒಂಬತ್ತು ವರ್ಷ.
ಹೊರಗೆ ಬಂದರೆ ಎದುರಿನ ಬೀದಿ ಕಾಣದಷ್ಟು ಮಂಜು.
ಮಿಸ್ ಟಫ್ಟ್ಸ್ ಅಪ್ಪಿಕೊಂಡಳು,
ಪಾಪ, ಅವಳ ಕೋಟಿಗೂ ವಾಸನೆ ಹತ್ತಿರಬೇಕು.

ಮೊದಲ ಕಂತಿನ ದಿನ ಫೋನು.
'ಝೆಲಿ, ಚೆಕ್ಕಿನಲ್ಲಿ ಅಕ್ಷರದಲ್ಲಿ ಬರೆಯೋದು
ಮೇಲಿನ ಗೆರೇಲೋ, ಕೆಳಗಿನದರಲ್ಲೋ?'
ಇಷ್ಟೂ ವರ್ಷ ಚೆಕ್ಕು ಬರೆದವಳು ನಾನು,
ಡೀಸೆಲ್ಲಿಗೆ, ಹಗ್ಗಕ್ಕೆ, ಆಳುಗಳ ಕೂಲಿಗೆ.
ಅವನದು ಸಹಿ ಮಾತ್ರ, ಮೀನಿನ ಮುಳ್ಳಿನಂಥದ್ದು.

ಹೇಳಿಕೊಟ್ಟೆ, ಒಂದೊಂದೇ ಅಕ್ಷರ.
ಅವನು ಉಸಿರು ಬಿಗಿಹಿಡಿದು ಬರೆಯುವುದು ಕೇಳಿಸುತ್ತಿತ್ತು.
'ಯಾವ ಹೆಸರಿಗೆ ಬರೀಲಿ?' ಅಂದ,
ಅಂದು ತಾನೇ ಸುಮ್ಮನಾದ.
'ದೋಣಿ ಮೇಲಿದೆಯಲ್ಲ, ನೋಡಿಕೊಂಡು ಬರಿ.'

ಅತ್ತ ಕೆಮ್ಮಿದ.
ಇತ್ತ ನನ್ನ ಕೈ, ದರಿದ್ರದ್ದು,
ಆಲೂಗಡ್ಡೆಯ ಬುಟ್ಟಿಗೆ ಹೋಗಿತ್ತು.