ಎಡಗಡೆಯ ಗುಂಡಿ

ಉಸ್ಮಾನಗಂಜಿನ ಹಿಂದಿನ ಗಲ್ಲಿ. ಸ್ಟುಡಿಯೋ ಮುಚ್ಚುವ ವಾರ
ನಿಸಾರ್ ಉಸ್ತಾದರು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟದ್ದು
ಪೆಂಟ್ಯಾಕ್ಸ್. ಅಂಗೈಗೆ ಸೇರು ಜೋಳದ ಭಾರ.
ಹಿಂಬಾಗಿಲ ಸ್ಪಂಜು ಬೀದರಿನ ಬಿಸಿಲಿಗೆ ಕರಗಿ ಡಾಂಬರಾಗಿತ್ತು,
ಬೆಳಕಿನ ಮುಳ್ಳು ಸತ್ತು ಎಷ್ಟೋ ವರ್ಷ.
"ಮುಳ್ಳು ಯಾಕ್ ಬೇಕು ವೈಜಿನಾಥ,
ಹಗಲೆಲ್ಲಾ ಬಸ್ಸಿನ್ಯಾಗ ನಿಂತಂವಗ
ಬಿಸಿಲಿನ ಲೆಕ್ಕ ಬರೂದಿಲ್ಲೇನು?"

ನಾಲ್ಕು ಸಾವಿರ. ಎರಡು ಕಂತು.
ಹೆಂಡತಿಗೆ ಹೇಳಿದ್ದು ಒಂದು ಕಂತಿನ ಮಾತು.

ಬೀದರ್, ಮನ್ನಾಎಖೇಳಿ, ಚಿಟಗುಪ್ಪ;
ಮತ್ತೆ ಚಿಟಗುಪ್ಪ, ಮನ್ನಾಎಖೇಳಿ, ಬೀದರ್.
ರೊಕ್ಕದ ಚೀಲ ಬಲ ಹೆಗಲಿಗೆ, ಕ್ಯಾಮರಾ ಎಡಕ್ಕೆ.
ಟ್ರಿಪ್ಪಿಗೆ ಒಂದೇ ಒಂದು, ನನಗೆ ನಾನೇ ಹಾಕಿಕೊಂಡ ಕಾನೂನು,
ರೀಲಿನ ಬೆಲೆ ಅಂಥದು.
ಯಾರದು, ಎಲ್ಲಿ, ಎಷ್ಟನೆಯದು, ಹಳೆ ಶೀಟಿನ ಬೆನ್ನ ಮೇಲೆ ಬರೆದಿಟ್ಟೆ.

ಗುಂಡಾಬಾಯಿ, ಮಡಿಲಲ್ಲಿ ಕೋಳಿ.
ಅವಳಿಗೆ ಸೊನ್ನೆ ಟಿಕೇಟು, ಸರಕಾರದ್ದು. ಕೋಳಿಗೆ ಮಾತ್ರ ರೊಕ್ಕ.
"ಅದೂ ಹೆಣ್ಣೇ ಅದ, ಕಣ್ಣ್ ತೆರದು ನೋಡು"
ಎಂದು ಜಗಳಕ್ಕೆ ಬಂದ ಆ ಮುಖವೇ ನನಗೆ ಬೇಕಿತ್ತು.
ಬಾನೆಟ್ಟಿನ ಮೇಲೆ ರೊಟ್ಟಿ ಬಿಚ್ಚಿದ ಡ್ರೈವರ್ ಸಂಗ್ರಾಮಪ್ಪ,
ಬೆರಳ ತುದಿಗೆ ಶೇಂಗಾ ಹಿಂಡಿ, ಮೂಗಿನ ತುದಿಗೆ ಬೆವರು.
ಬಿದ್ದ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಹಾಸ್ಟೆಲಿನಿಂದ ಊರಿಗೆ ಹೊರಟ ಹುಡುಗ.
ಕೆಂಪು ಕಲ್ಲಿನ ಖಣಿಯವರು ಮೂವರು, ರೆಪ್ಪೆಯ ಮೇಲೂ ಧೂಳು;
"ತಡಿ" ಎಂದು ಒಬ್ಬ ಮುಖ ಒರೆಸಿಕೊಂಡೇ ಬಿಟ್ಟ,
ಕೆಟ್ಟಿತು ಅಂದುಕೊಂಡೆ, ಆದರೂ ಒತ್ತಿದೆ.

ಖಟಕ್.
ಒಳಗೆ ಕನ್ನಡಿ ಎದ್ದು ಬೀಳುವ ಸದ್ದು, ಅಷ್ಟು ಹೊತ್ತು ಕಣ್ಣಿಗೆ ಕತ್ತಲೆ.
ತೆಗೆಯುವ ಗಳಿಗೆಯನ್ನು ತೆಗೆಯುವವನೇ ನೋಡಲಾರ,
ಈ ಯಂತ್ರದ ಚೇಷ್ಟೆ ಅದು.

ಮೂವತ್ತಾರಕ್ಕೆ ನಿಲ್ಲಬೇಕು.
ಮೂವತ್ತೇಳನೆಯದಕ್ಕೂ ಕೀಲಿ ಜಗ್ಗಿತು, ಲಾಭ ಎಂದೆ.
ಮೂವತ್ತೊಂಬತ್ತು. ನಲವತ್ತು.
ನಲವತ್ತೊಂದಕ್ಕೆ ಹೊಟ್ಟೆಯಲ್ಲಿ ತಣ್ಣಗಾಯಿತು:
ಸೀಟು ತುಂಬಿದ ಮೇಲೂ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುವ ಗಾಡಿ
ನಮ್ಮ ಡಿಪೋದ್ದು ಇರಬಹುದು,
ಜಪಾನಿನದು ಇರಲಾರದು.

ಕರಿ ಚೀಲದ ತೋಳೊಳಗೆ ಉಸ್ತಾದರ ಎರಡೂ ಕೈ,
ಕಣ್ಣು ಚಾವಣಿಗೆ, ಸೂಲಗಿತ್ತಿಯ ಹಾಗೆ.
ಬಹಳ ಹೊತ್ತು. ಆಮೇಲೆ ನಕ್ಕರು.
"ರೀಲ್ ಹಲ್ಲಿಗಿ ಹತ್ತೇ ಇಲ್ಲೋ. ಕುಂತಲ್ಲೇ ಕುಂತದ.
ನಲವತ್ತೊಂದು ಮಂದಿನ್ನ ಒಂದೇ ಸೀಟಿನ ಮ್ಯಾಲ
ಕುಂದರ್ಸಿ ಬಂದೀಯಲ್ಲಪ್ಪಾ ಕಂಡಕ್ಟರಾ."

ಆ ಒಂದಿಂಚು ಕತ್ತರಿಸಿ ಸ್ಟೀಲಿನ ಲೋಟದಲ್ಲಿ ತೊಳೆದುಕೊಟ್ಟರು.
ಕಪ್ಪು. ಬಸ್ಸಿನ ದೀಪಕ್ಕೆ ಹಿಡಿದರೂ ಕಪ್ಪು,
ಕೋಟೆಯ ಮಣ್ಣು ತಿಂದು ಈಗಷ್ಟೇ ಹೊರಬಂದ ಬಿದರಿ ಹೂಜಿಯ ಹೊಟ್ಟೆ,
ಬೆಳ್ಳಿಯ ಎಳೆ ಮಾತ್ರ ಎಲ್ಲೂ ಇಲ್ಲ.
"ಇದೆಲ್ಲಾ ಬೆಳ್ಳಿನೇ," ಅಂದರು,
"ಭಾಳ ಬಿಸಿಲು ಕುಡದದ, ಕರ್ರಗಾಗ್ಯದ."
ಬಾಗಿಲ ತನಕ ಬಂದು:
"ಬಲಗಡಿ ಇರೋದು ಬರೇ ಲೆಕ್ಕ, ಅದನ್ನ ನಂಬಬ್ಯಾಡ.
ಕೀಲಿ ಜಗ್ಗುವಾಗ ಎಡಗಡಿ ಗುಂಡಿ ತಿರಗತದೇನು, ಅದ್ ನೋಡು."

ಆ ರಾತ್ರಿ ಡಿಪೋದಲ್ಲಿ ನನ್ನ ಶೀಟು ಪೈಸೆಗೆ ಪೈಸೆ ಕೂಡಿತು.
ಹದಿನಾರು ವರ್ಷ ಹಾಗೇ ಕೂಡಿದೆ.

ದಿನಾ ಕೇಳುತ್ತಾರೆ, ನಮ್ಮ ಫೋಟೋ ಎಲ್ಲಿ.
ಹೈದರಾಬಾದಿಗೆ ತೊಳೆಯಲು ಹೋಗಿದೆ ಎಂದೆ, ಒಂದು ವಾರ.
ಹುಡುಗನ ಬಾಯಲ್ಲಿ ಹೊಸ ಹಲ್ಲಿನ ಬಿಳಿ ಅಂಚು ಮೂಡಿತು.
ಖಣಿಯವನು ಮಾತ್ರ ಕೇಳಲಿಲ್ಲ;
ಈಗೀಗ ಬಸ್ಸು ಬರುವ ಮುಂಚೆಯೇ ಮುಖ ತೊಳೆದುಕೊಂಡು
ನಿಂತಿರುತ್ತಾನೆ, ಸುಮ್ಮನೆ.

ಉಳಿದ ರೀಲು ಮತ್ತೆ ಹಾಕಿದ್ದೇನೆ, ಹಲ್ಲಿಗೆ ಸಿಕ್ಕಿಸಿ, ಎರಡೆರಡು ಸಲ ನೋಡಿ.
ಮೊದಲನೆಯದು ಗುಂಡಾಬಾಯಿಗೆ.
"ಕೋಳಿ ಇಲ್ಲಲ್ಲೋ ಇವತ್ತು," ಅಂದಳು. "ಬೀಗರು ಬಂದಿದ್ರು."
ಮಡಿಲು ಝಾಡಿಸಿ, ಖಾಲಿ ಜಾಗದ ಮೇಲೆ ಎರಡೂ ಕೈ ಇಟ್ಟು
ಕೋಳಿ ಹಿಡಿದವಳ ಹಾಗೇ ಕೂತಳು.

ಖಟಕ್.
ಕೀಲಿ ಜಗ್ಗಿದೆ. ಎಡಗಡೆಯ ಗುಂಡಿ
ಉದ್ದಿನಕಾಳಿನಷ್ಟು ತಿರುಗಿತು.
ರೈಟ್, ಅಂದೆ ಸಂಗ್ರಾಮಪ್ಪನಿಗೆ.